ಹೃದಯದ ಬೆನ್ನಿಗೇ ಅನ್ನನಾಳ: ಕ್ಯಾತಿಟರ್ ಅಬ್ಲೇಶನ್ ಎಷ್ಟು ಸೇಫ್?

ಕಡೂರು ಕಡೆಯಿಂದ ಕೇಳ್ತಿರೋರಿಗೆ ಗೊತ್ತು, ಹೃದಯದ ದೊಡ್ಡ ಚಿಕಿತ್ಸೆ ಅಂದ್ರೆ ರೈಲು ಹತ್ತಿ ಅರಸೀಕೆರೆ, ತುಮಕೂರು ದಾಟಿ ಬೆಂಗಳೂರಿಗೆ ಹೋಗ್ಬೇಕು. ಅಲ್ಲಿ ಜಯದೇವದಂಥ ಆಸ್ಪತ್ರೆಗಳಲ್ಲಿ ಮಾಡುವ ಒಂದು ಚಿಕಿತ್ಸೆ ಕ್ಯಾತಿಟರ್ ಅಬ್ಲೇಶನ್. ಅದರ ಅತಿ ಅಪರೂಪದ, ಅತಿ ಅಪಾಯದ ತೊಂದರೆ ಕಾಣಿಸೋದು ಮಾತ್ರ ಊರಿಗೆ ವಾಪಸ್ ಬಂದ ಮೇಲೆ. ಇವತ್ತು ನಾನು ಅದನ್ನೇ ಬಿಡಿಸಿ ಹೇಳ್ತೀನಿ.

ಮೊದಲು, ಅಬ್ಲೇಶನ್ ಅಂದ್ರೇನು? ಹೃದಯ ಬಡಿಯೋದು ವಿದ್ಯುತ್ ಸಂಕೇತಗಳಿಂದ. ಏಟ್ರಿಯಲ್ ಫಿಬ್ರಿಲೇಶನ್ ಇದ್ದವರಲ್ಲಿ ಮೇಲಿನ ಕೋಣೆಗಳು ಲಯ ತಪ್ಪಿ ನಡುಗುತ್ತವೆ. ಈ ತಪ್ಪು ಸಂಕೇತಗಳು ಹೆಚ್ಚಾಗಿ ಹುಟ್ಟೋದು ಶ್ವಾಸಕೋಶದಿಂದ ಎಡ ಮೇಲ್ಕೋಣೆಗೆ ರಕ್ತ ತರುವ ನಾಳಗಳಲ್ಲಿ ಅಂತ 1998ರಲ್ಲಿ ಫ್ರಾನ್ಸಿನ ಬೋರ್ಡೋ ನಗರದ ವೈದ್ಯರ ತಂಡ ತೋರಿಸಿತು. ಹಾಗಾಗಿ ತೊಡೆಸಂದಿನ ರಕ್ತನಾಳದಿಂದ ತೆಳು ಕೊಳವೆ ತೂರಿಸಿ, ಆ ನಾಳಗಳ ಬಾಯಿ ಸುತ್ತ ಸುಟ್ಟು ಅಥವಾ ಹೆಪ್ಪುಗಟ್ಟಿಸಿ, ಸಂಕೇತ ದಾಟದಂತೆ ಬೇಲಿ ಹಾಕ್ತಾರೆ. ಎದೆ ಕೊಯ್ಯೋದಿಲ್ಲ.

ತೊಡಕು ಇರೋದು ಅಕ್ಕಪಕ್ಕದಲ್ಲಿ. ಎಡ ಮೇಲ್ಕೋಣೆಯ ಹಿಂದೆಯೇ ಅನ್ನನಾಳ, ನಡುವೆ ಕೆಲವೇ ಮಿಲಿಮೀಟರ್. ಬಲಗಡೆ ನಾಳಗಳ ಹತ್ತಿರವೇ ಉಸಿರಾಟದ ಸ್ನಾಯುವಾದ ವಪೆಗೆ ಹೋಗುವ ನರ. ಸುತ್ತಲೂ ಹೃದಯದ ಹೊರಚೀಲ. ಗೋಡೆ ತೂತಾದ್ರೆ ರಕ್ತ ಈ ಚೀಲದಲ್ಲಿ ತುಂಬಿ ಹೃದಯವನ್ನೇ ಅದುಮುತ್ತೆ. ಇದು ಸುಮಾರು ನೂರಕ್ಕೆ ಒಬ್ಬರಲ್ಲಿ ಆಗಬಹುದು. ಬೇಗ ಗೊತ್ತಾದ್ರೆ ಸೂಜಿ ಹಾಕಿ ರಕ್ತ ತೆಗೀತಾರೆ.

ಅದಕ್ಕೇ ಹಿಂಗೋಡೆಯಲ್ಲಿ ಶಾಖ, ಸಮಯ ಎರಡನ್ನೂ ಹಿಡಿತದಲ್ಲಿ ಇಡ್ತಾರೆ. ಎಷ್ಟೋ ಕಡೆ ಅನ್ನನಾಳದೊಳಗೆ ತಾಪಮಾಪಕ ಇಳಿಸಿ ನೋಡ್ತಿರ್ತಾರೆ. ಹೊಸ ವಿಧಾನ ಪಲ್ಸ್ಡ್ ಫೀಲ್ಡ್, ಅಮೆರಿಕ ಇದಕ್ಕೆ ಮೊದಲು ಒಪ್ಪಿಗೆ ಕೊಟ್ಟಿದ್ದು 2023ರ ಡಿಸೆಂಬರ್‌ನಲ್ಲಿ. ಕ್ಷಣಮಾತ್ರದ ವಿದ್ಯುತ್ ಮಿಡಿತಗಳು ಹೃದಯದ ಸ್ನಾಯುವಿಗೇ ಹೆಚ್ಚು ತಾಗಿ, ಅನ್ನನಾಳಕ್ಕೆ ಕಡಿಮೆ ತಾಗುತ್ತವೆ. ಆದರೂ ಅಪಾಯ ಪೂರ್ತಿ ಸೊನ್ನೆ ಅಲ್ಲ.

ಈಗ ಮುಖ್ಯ ಮಾತು. ಶಾಖ ತಗುಲಿದ ಅನ್ನನಾಳದಲ್ಲಿ ಹುಣ್ಣಾಗಿ, ಅದಕ್ಕೂ ಹೃದಯಕ್ಕೂ ನಡುವೆ ತೂತು ಬೀಳಬಹುದು. ಸಾವಿರಕ್ಕೆ ಒಬ್ಬರಿಗಿಂತಲೂ ಅಪರೂಪ, ಆದರೆ ಆದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಉಳಿಯೋದಿಲ್ಲ. ಸಾಮಾನ್ಯವಾಗಿ ಕಾಣಿಸೋದು ಒಂದು ವಾರದಿಂದ ಎರಡು ತಿಂಗಳೊಳಗೆ: ಜ್ವರ, ಚಳಿ, ನುಂಗುವಾಗ ನೋವು, ಎದೆನೋವು, ಬಾಯಿ ಸೊಟ್ಟಗಾಗೋದು, ಕೈಕಾಲು ಸೋಲೋದು. ಊರಲ್ಲಿ ಇದನ್ನ ವೈರಲ್ ಜ್ವರ ಅಂದುಕೊಳ್ಳೋದು ಸುಲಭ. ತಕ್ಷಣ ಬೇಕಾದದ್ದು ಎದೆಯ ಸಿಟಿ ಸ್ಕ್ಯಾನ್. ಎಂಡೋಸ್ಕೋಪಿ ಬೇಡ, ಅದರಲ್ಲಿ ಊದುವ ಗಾಳಿ ತೂತಿನಿಂದ ಹೃದಯಕ್ಕೆ, ಅಲ್ಲಿಂದ ಮೆದುಳಿಗೆ ಹೋಗಬಹುದು.

ಮನೆಯಲ್ಲಿ ಅಪ್ಪನಿಗೋ ಅಜ್ಜಿಗೋ ಅಬ್ಲೇಶನ್ ಆಗಿದ್ರೆ, ಡಿಸ್ಚಾರ್ಜ್ ಸಮ್ಮರಿಯ ಫೋಟೋ ನಿಮ್ಮ ಫೋನಲ್ಲಿರಲಿ. ಜ್ವರ ಬಂದ್ರೆ ಡಾಕ್ಟರಿಗೆ ಮೊದಲು ಹೇಳಬೇಕಾದ ಮಾತು, “ಇವರಿಗೆ ಅಬ್ಲೇಶನ್ ಆಗಿದೆ.” ಆಪರೇಷನ್ ಮಾಡಿದ ಆಸ್ಪತ್ರೆಗೂ ಆಗಲೇ ಫೋನ್ ಮಾಡಿ.