ಪಾಸಿಟಿವ್ ಮೈಂಡ್‌ಸೆಟ್ ಅಂದ್ರೆ ಮನಸ್ಸಲ್ಲೇ ಮಂಡಿಗೆ ತಿನ್ನೋದಾ?

ಈ ಸಲದ ಎಪಿಸೋಡ್‌ಗೆ ವಿಷಯ ಕೊಟ್ಟಿದ್ದು ನೀವೇ. ಸಿಎ ಫಲಿತಾಂಶ ಬಂದ ವಾರ ನನ್ನ ಇನ್‌ಬಾಕ್ಸ್ ತುಂಬಿಹೋಗುತ್ತೆ. ಬಿ.ಕಾಂ ಓದಿದವನು ಪಾಡ್‌ಕಾಸ್ಟ್ ಮಾಡಿದ್ರೆ ಕೇಳುಗರಲ್ಲೂ ಕಾಮರ್ಸ್‌ನವರೇ ಜಾಸ್ತಿ ಅನ್ಸುತ್ತೆ. ಆ ಮೆಸೇಜ್‌ಗಳಲ್ಲಿ ಎರಡು ಮಾತು ಮತ್ತೆ ಮತ್ತೆ ಬರುತ್ತೆ. ಒಂದು, "ಇದು ನನ್ನ ಕೈಲಿ ಆಗೋ ಕೆಲಸ ಅಲ್ಲ." ಇನ್ನೊಂದು, "ಪಾಸಿಟಿವ್ ಆಗಿರು ಅಂತ ಎಲ್ರೂ ಹೇಳ್ತಾರೆ, ಹೇಗೆ ಇರೋದು ಅಂತ ಯಾರೂ ಹೇಳಲ್ಲ."

ಎರಡನೇದು ನ್ಯಾಯವಾದ ಪ್ರಶ್ನೆ. ಇವತ್ತು ಅದನ್ನೇ ಬಿಡಿಸಿ ನೋಡೋಣ. ಸಿಎ ಪರೀಕ್ಷೆಯನ್ನೇ ಉದಾಹರಣೆಯಾಗಿ ಇಟ್ಕೊಳ್ತೀನಿ. ಕೆಎಎಸ್‌ಗೆ ಓದ್ತಿರೋರು, ಇಂಟರ್‌ವ್ಯೂ ಮೇಲೆ ಇಂಟರ್‌ವ್ಯೂ ಕೊಡ್ತಿರೋರು, ಪ್ರಮೋಷನ್ ಕೈತಪ್ಪಿದೋರು ನಿಮ್ಮ ನಿಮ್ಮ ಲೆಕ್ಕಕ್ಕೆ ಹೊಂದಿಸ್ಕೊಳ್ಳಿ.

ಮೊದಲು ಅಂಕಿ ನೋಡೋಣ. 2023ರ ನವೆಂಬರ್‌ನ ಸಿಎ ಫೈನಲ್‌ನಲ್ಲಿ ಎರಡೂ ಗ್ರೂಪ್ ಒಟ್ಟಿಗೆ ಬರೆದವರಲ್ಲಿ ಪಾಸಾದವರು ನೂರಕ್ಕೆ 10 ಜನ ಕೂಡ ಇಲ್ಲ. 2024ರ ಮೇ ಪರೀಕ್ಷೆಯಲ್ಲಿ ಸ್ವಲ್ಪ ಉತ್ತಮ, 20ರ ಹತ್ತಿರ ಹತ್ತಿರ ಬಂತು. ಅಂದ್ರೆ ಒಳ್ಳೆಯ ವರ್ಷದಲ್ಲೂ ಐದು ಜನರಲ್ಲಿ ನಾಲ್ಕು ಜನ ಅವತ್ತು ಮನೆಗೆ ಬೇಜಾರಿನ ಸುದ್ದಿ ಹೇಳಬೇಕು. ಇಷ್ಟು ಜನರ ಕೈಲೂ "ಆಗೋದಿಲ್ಲ" ಅನ್ನೋದು ನಿಜ ಆಗಿರೋಕೆ ಸಾಧ್ಯ ಇಲ್ಲ. ಮುಂದೆ ಸಿಎ ಆಗುವ ಎಷ್ಟೋ ಜನ ಇವತ್ತು ಈ ನಾಲ್ಕರಲ್ಲೇ ಇರ್ತಾರೆ. ಪಾಸಿಟಿವಿಟಿ ಬಗ್ಗೆ ಮಾತಾಡೋ ಮುಂಚೆ ಈ ಲೆಕ್ಕ ತಲೇಲಿ ಇರಬೇಕು. ಯಾಕಂದ್ರೆ ಸೋಲು ಎಷ್ಟು ಸಾಮಾನ್ಯ ಅಂತ ಗೊತ್ತಿಲ್ಲದವನು ಅದನ್ನ ತನ್ನೊಬ್ಬನ ಹಣೆಬರಹ ಅಂದ್ಕೊಳ್ತಾನೆ.

ಸೋಲನ್ನ ನಾವು ನಮಗೇ ಹೇಗೆ ವಿವರಿಸ್ಕೊಳ್ತೀವಿ ಅನ್ನೋದರ ಮೇಲೆ ಅಮೆರಿಕದ ಮನಃಶಾಸ್ತ್ರಜ್ಞ ಮಾರ್ಟಿನ್ ಸೆಲಿಗ್‌ಮನ್ ಬಹಳ ವರ್ಷ ಕೆಲಸ ಮಾಡಿದ್ದಾರೆ. ಅವರು ನೋಡೋದು ಮೂರು ವಿಷಯ. ಇದು ಯಾವಾಗಲೂ ಹೀಗೇನಾ? ಎಲ್ಲದರಲ್ಲೂ ಹೀಗೇನಾ? ಇದಕ್ಕೆಲ್ಲ ನಾನೊಬ್ಬನೇ ಕಾರಣಾನಾ? ಮೂರಕ್ಕೂ "ಹೌದು" ಅನ್ನೋದು ನಿರಾಶಾವಾದಿಯ ಶೈಲಿ. "ನನ್ನ ಕೈಲಿ ಆಗಲ್ಲ" ಅನ್ನೋ ಮೂರು ಪದದ ವಾಕ್ಯದಲ್ಲಿ ಈ ಮೂರೂ ಅಡಗಿ ಕೂತಿದೆ, ಗಮನಿಸಿ. ಇಂಥ ಪೇಪರ್‌ನಲ್ಲಿ ಅಂತಿಲ್ಲ, ಈ ಸಲ ಅಂತಿಲ್ಲ, ಮಧ್ಯೆ ಆಫೀಸಲ್ಲಿ ಆಡಿಟ್ ಸೀಸನ್ ಬಂತು ಅಂತಿಲ್ಲ.

ಸೆಲಿಗ್‌ಮನ್ ಮತ್ತು ಪೀಟರ್ ಶುಲ್ಮನ್ 1986ರಲ್ಲಿ ಜೀವವಿಮೆ ಏಜೆಂಟರ ಮೇಲೆ ಒಂದು ಅಧ್ಯಯನ ಪ್ರಕಟಿಸಿದ್ರು. ನಮ್ಮ ನೆಂಟರಲ್ಲಿ ಒಬ್ಬರಾದ್ರೂ ಎಲ್‌ಐಸಿ ಏಜೆಂಟ್ ಇದ್ದೇ ಇರ್ತಾರಲ್ಲ, ಅವರನ್ನ ಕೇಳಿ ನೋಡಿ, ದಿನಕ್ಕೆ ಎಷ್ಟು ಸಲ "ಬೇಡ" ಅಂತ ಕೇಳಿಸ್ಕೊಳ್ತಾರೆ ಅಂತ. ಆ ಅಧ್ಯಯನದಲ್ಲಿ ಸೋಲನ್ನ ಆಶಾವಾದಿಯಾಗಿ ವಿವರಿಸಿಕೊಳ್ಳುತ್ತಿದ್ದ ಅರ್ಧದಷ್ಟು ಏಜೆಂಟರು ಮೊದಲ ಎರಡು ವರ್ಷದಲ್ಲಿ ಉಳಿದ ಅರ್ಧಕ್ಕಿಂತ 37 ಪರ್ಸೆಂಟ್ ಹೆಚ್ಚು ವಿಮೆ ಮಾರಿದ್ದರು. "ಇವರು ಬೇಡ ಅಂದ್ರು" ಅಂದ್ಕೊಂಡವನು ಮುಂದಿನ ಮನೆಗೆ ಹೋಗ್ತಾನೆ. "ನನಗೆ ಮಾರೋಕೆ ಬರಲ್ಲ" ಅಂದ್ಕೊಂಡವನು ಟೀ ಅಂಗಡಿಗೆ ಹೋಗ್ತಾನೆ.

ಇಲ್ಲಿವರೆಗೆ ಕೇಳಿದ್ರೆ "ಹಾಗಿದ್ರೆ ಒಳ್ಳೇದೇ ಯೋಚನೆ ಮಾಡೋಣ, ಒಳ್ಳೇದೇ ಆಗುತ್ತೆ" ಅನ್ಸಬಹುದು. ರೀಲ್ಸ್‌ನಲ್ಲಿ ಬರೋದೂ ಅದೇ: ಕಣ್ಣು ಮುಚ್ಚಿ, ನಿಮ್ಮ ಹೆಸರಿನ ಹಿಂದೆ "ಸಿಎ" ಅಂತ ಇರೋ ಬೋರ್ಡ್ ಕಲ್ಪಿಸಿಕೊಳ್ಳಿ. ನನ್ನ ತಕರಾರು ಇರೋದು ಇಲ್ಲಿ. ಕನ್ನಡದಲ್ಲಿ ಇದಕ್ಕೆ ಹಳೇ ಹೆಸರಿದೆ, ಮನಸ್ಸಿನಲ್ಲಿ ಮಂಡಿಗೆ ತಿನ್ನೋದು. ಬೆಳಗಾವಿ ಕಡೆ ಮಂಡಿಗೆ ಮಾಡೋರನ್ನ ನೋಡಿದ್ರೆ ಗೊತ್ತಾಗುತ್ತೆ, ಅದು ಸುಲಭಕ್ಕೆ ಕೈಗೆ ಬರೋ ತಿಂಡಿ ಅಲ್ಲ. ಮನಸ್ಸಲ್ಲಾದ್ರೆ ತುಪ್ಪ, ಸಕ್ಕರೆ ಎಷ್ಟು ಬೇಕಾದ್ರೂ ಸುರ್ಕೋಬಹುದು, ಖರ್ಚಿಲ್ಲ.

ಗೇಬ್ರಿಯೆಲ್ ಓಟಿಂಗನ್ ಅಂತ ಜರ್ಮನ್ ಮೂಲದ ಮನಃಶಾಸ್ತ್ರಜ್ಞೆ ಇದ್ದಾರೆ. ಅವರು ಡೋರಿಸ್ ಮೇಯರ್ ಜೊತೆ 2002ರಲ್ಲಿ ಪ್ರಕಟಿಸಿದ ಅಧ್ಯಯನ ನನಗೆ ಈ ವಿಷಯದಲ್ಲೇ ಅತ್ಯಂತ ಉಪಯುಕ್ತ ಅನ್ಸುತ್ತೆ. ಓದು ಮುಗಿಸಿ ಕೆಲಸ ಹುಡುಕುವ ಹಂತದಲ್ಲಿದ್ದ ಜರ್ಮನಿಯ ಪದವೀಧರರನ್ನ ಎರಡು ಬೇರೆ ಬೇರೆ ಪ್ರಶ್ನೆ ಕೇಳಿದ್ರು. ನಿಮಗೆ ಕೆಲಸ ಸಿಗುತ್ತೆ ಅಂತ ಎಷ್ಟು ನಂಬಿಕೆ ಇದೆ? ಒಳ್ಳೆ ಕೆಲಸ ಸಿಕ್ಕ ಹಾಗೆ ಎಷ್ಟು ಸಲ ಹಗಲುಗನಸು ಕಾಣ್ತೀರಿ? ಎರಡು ವರ್ಷ ಬಿಟ್ಟು ಮತ್ತೆ ವಿಚಾರಿಸಿದಾಗ, ನಂಬಿಕೆ ಜಾಸ್ತಿ ಇದ್ದವರಿಗೆ ಹೆಚ್ಚು ಆಫರ್ ಬಂದಿತ್ತು, ಸಂಬಳವೂ ಹೆಚ್ಚಿತ್ತು. ಹಗಲುಗನಸು ಜಾಸ್ತಿ ಕಂಡವರು ಕಡಿಮೆ ಅರ್ಜಿ ಹಾಕಿದ್ದರು, ಅವರಿಗೆ ಆಫರ್ ಕಡಿಮೆ, ಸಂಬಳವೂ ಕಡಿಮೆ. ಹೊರಗಿನಿಂದ ನೋಡಿದ್ರೆ ಎರಡೂ "ಪಾಸಿಟಿವ್" ಯೋಚನೆಗಳೇ, ಫಲ ಮಾತ್ರ ತದ್ವಿರುದ್ಧ.

ಯಾಕೆ ಹೀಗೆ? ನಂಬಿಕೆಗೆ ಹಿಂದಿನ ಅನುಭವದ ಆಧಾರ ಇರುತ್ತೆ: ಹೋದ ಸಲ ಇಷ್ಟು ಮಾಡಿದ್ದೆ, ಹಾಗಾಗಿ ಈ ಸಲ ಇಷ್ಟು ಆಗಬಹುದು. ಕನಸಿಗೆ ಆ ಆಧಾರ ಬೇಕಾಗಿಲ್ಲ. 2011ರಲ್ಲಿ ಹೀದರ್ ಕಾಪ್ಪೆಸ್ ಜೊತೆ ಓಟಿಂಗನ್ ಮಾಡಿದ ಇನ್ನೊಂದು ಪ್ರಯೋಗದಲ್ಲಿ, ಎಲ್ಲ ಚೆನ್ನಾಗಿ ಆದಂತೆ ಕಲ್ಪಿಸಿಕೊಂಡವರ ರಕ್ತದೊತ್ತಡ ಇಳಿದಿತ್ತು. ದೇಹ ಸಡಿಲ ಆಗುತ್ತೆ, ಕೆಲಸ ಆಗೋಯ್ತು ಅನ್ನೋ ಥರ. ನಿದ್ದೆಗೆ ಮುಂಚೆ ಒಳ್ಳೇದು. ಬೆಳಗ್ಗೆ ಐದು ಗಂಟೆಗೆ ಪುಸ್ತಕ ತೆಗೀಬೇಕಾದಾಗ ಅಲ್ಲ.

ಅಂಕಪಟ್ಟಿ ಮುಂದೆ ಇಟ್ಕೊಂಡು ನೋಡೋಣ. ಇದು ನಾನು ಕಲ್ಪಿಸಿಕೊಂಡ ಅಂಕಪಟ್ಟಿ, ಯಾರದ್ದೂ ಅಲ್ಲ. ಸಿಎ ಫೈನಲ್‌ನ ಒಂದು ಗ್ರೂಪ್‌ನಲ್ಲಿ ಈಗ ಮೂರು ಪೇಪರ್. ಪ್ರತಿ ಪೇಪರ್‌ನಲ್ಲಿ ಕನಿಷ್ಠ 40, ಗ್ರೂಪ್ ಒಟ್ಟು 300ಕ್ಕೆ 150 ಬರಬೇಕು. ಒಬ್ಬರಿಗೆ 62, 55, 31 ಬಂತು ಅಂದ್ಕೊಳ್ಳಿ. ಒಟ್ಟು 148. ಫೇಲ್. ಮನೇಲಿ, ವಾಟ್ಸ್‌ಆ್ಯಪ್ ಗ್ರೂಪ್‌ಗಳಲ್ಲಿ, ಮದುವೆ ಮನೆಯಲ್ಲಿ ಸಿಗೋ ದೊಡ್ಡಪ್ಪನ ಬಾಯಲ್ಲಿ ಇದು ಒಂದೇ ಪದ: ಫೇಲ್.

ಅದೇ ಕಾಗದವನ್ನ ಲೆಕ್ಕಿಗನ ಕಣ್ಣಿಂದ ಓದಿ. 60 ಅಥವಾ ಹೆಚ್ಚು ಬಂದ ಪೇಪರ್‌ಗೆ ಮುಂದಿನ ಮೂರು ಪರೀಕ್ಷೆಗಳವರೆಗೆ ವಿನಾಯಿತಿ ಸಿಗುತ್ತೆ. ಆ 62 ಲೆಕ್ಕಕ್ಕೆ ಸೇರಿಕೊಂಡೇ ಇರುತ್ತೆ. ಅಂದ್ರೆ ಮುಂದಿನ ಸಲ ಬರೀಬೇಕಾದ್ದು ಎರಡೇ ಪೇಪರ್, ಬೇಕಾದ್ದು ಎರಡರಿಂದ 88 ಅಂಕ, ಒಂದೊಂದರಲ್ಲಿ 40 ದಾಟಿ. "ನನ್ನ ಕೈಲಿ ಆಗಲ್ಲ" ಅನ್ನೋ ವಾಕ್ಯ ಈ ಅಂಕಪಟ್ಟಿ ಮುಂದೆ ನಿಲ್ಲೋದಿಲ್ಲ. "ಒಂದು ಪೇಪರ್‌ನಲ್ಲಿ 9 ಅಂಕ ಕಡಿಮೆ ಬಿತ್ತು" ಅನ್ನೋದು ನಿಲ್ಲುತ್ತೆ. ಸಮಾಧಾನಕ್ಕೆ ಹೇಳ್ತಿರೋ ಮಾತಲ್ಲ ಇದು, ನಿಜವಾಗಿ ಆಗಿದ್ದೇ ಇಷ್ಟು.

ಮುಂದಿನ ಪ್ರಶ್ನೆ, ಆ 9 ಅಂಕ ಎಲ್ಲಿ ಹೋಯ್ತು? ಊಹೆ ಮಾಡೋ ಬದಲು ತರಿಸಿ ನೋಡಬಹುದು. 2011ರಲ್ಲಿ ಸುಪ್ರೀಂ ಕೋರ್ಟ್, ಸಿಬಿಎಸ್‌ಇಗೆ ಸಂಬಂಧಿಸಿದ ಪ್ರಕರಣದಲ್ಲಿ, ಪರೀಕ್ಷೆ ಬರೆದವರಿಗೆ ಮಾಹಿತಿ ಹಕ್ಕು ಕಾಯ್ದೆಯಡಿ ತಮ್ಮ ಮೌಲ್ಯಮಾಪನವಾದ ಉತ್ತರ ಪತ್ರಿಕೆ ನೋಡುವ ಹಕ್ಕಿದೆ ಅಂತ ಹೇಳಿತು. ಸಿಎ ಸಂಸ್ಥೆಯೂ ಶುಲ್ಕ ಕಟ್ಟಿದ್ರೆ ಉತ್ತರ ಪತ್ರಿಕೆಯ ದೃಢೀಕೃತ ಪ್ರತಿ ಕೊಡುತ್ತೆ. ಮಾದರಿ ಉತ್ತರಗಳನ್ನೂ ಪ್ರಕಟಿಸುತ್ತೆ. ಎರಡನ್ನೂ ಪಕ್ಕಪಕ್ಕ ಇಟ್ಟು ಕೂತ್ರೆ ಗೊತ್ತಾಗುತ್ತೆ: ವಿಷಯ ಗೊತ್ತಿರಲಿಲ್ವಾ, ಗೊತ್ತಿದ್ದೂ ಸೆಕ್ಷನ್ ಹೆಸರಿಲ್ಲದೆ ಬರೆದಿದ್ದಾ, ಇಲ್ಲಾ ಕೊನೆಯ ಎರಡು ಪ್ರಶ್ನೆಗೆ ಟೈಮೇ ಸಾಲಲಿಲ್ವಾ? ಆಡಿಟ್ ಪೇಪರ್‌ನಲ್ಲಿ 30 ಅಂಕ ಬಹು ಆಯ್ಕೆ ಪ್ರಶ್ನೆಗೆ, 70 ವಿವರಣೆಗೆ. ಯಾವ ಕಡೆ ಸೋರಿತು ಅನ್ನೋದರ ಮೇಲೆ ಮುಂದಿನ ಮೂರು ತಿಂಗಳ ಓದೇ ಬೇರೆ ಆಗುತ್ತೆ. ನಿಜ ಹೇಳ್ತೀನಿ, ಆ ಕವರ್ ಬಿಚ್ಚೋಕೆ ಧೈರ್ಯ ಬೇಕು. ಯಾವ ಕೋಟ್ಸ್‌ಗಿಂತ ಜಾಸ್ತಿ ಮನೋಬಲ ಬೇಕಾಗೋದು ಆ ಅರ್ಧ ಗಂಟೆಗೆ.

ಈಗ ಎಲ್ಲರೂ ಕೇಳಿರೋ "ಗ್ರೋತ್ ಮೈಂಡ್‌ಸೆಟ್" ವಿಷಯ. ಸ್ಟ್ಯಾನ್‌ಫರ್ಡ್‌ನ ಕ್ಯಾರಲ್ ಡ್ವೆಕ್ 2006ರಲ್ಲಿ "ಮೈಂಡ್‌ಸೆಟ್" ಪುಸ್ತಕ ಬರೆದ್ರು. ಸಾಮರ್ಥ್ಯ ಹುಟ್ಟಿನಿಂದ ಬಂದು ಅಲ್ಲಿಗೇ ನಿಲ್ಲೋದಲ್ಲ, ಬೆಳೆಸಬಹುದಾದ್ದು ಅನ್ನೋ ನಂಬಿಕೆಗೆ ಅವರು ಇಟ್ಟ ಹೆಸರು ಅದು. 1998ರಲ್ಲಿ ಅವರು ಕ್ಲೌಡಿಯಾ ಮ್ಯೂಲರ್ ಜೊತೆ ಐದನೇ ಕ್ಲಾಸ್ ಮಕ್ಕಳ ಮೇಲೆ ಮಾಡಿದ ಪ್ರಯೋಗ ನಮ್ಮ ಮನೆಗಳಿಗೆ ಸರಿಯಾಗಿ ಹೊಂದುತ್ತೆ. ಕೆಲವು ಮಕ್ಕಳಿಗೆ "ನೀನು ತುಂಬಾ ಬುದ್ಧಿವಂತ" ಅಂತ, ಇನ್ನು ಕೆಲವರಿಗೆ "ತುಂಬಾ ಶ್ರಮ ಪಟ್ಟಿದ್ದೀಯ" ಅಂತ ಹೊಗಳಿದ್ರು. ಆಮೇಲೆ ಕಷ್ಟದ ಲೆಕ್ಕ ಕೊಟ್ಟು ಸೋಲಿಸಿದ್ರು. ಸೋಲಾದ ಮೇಲೆ ಮತ್ತೆ ಸುಲಭದ್ದು ಕೊಟ್ಟಾಗ "ಬುದ್ಧಿವಂತ" ಅನ್ನಿಸಿಕೊಂಡವರು ಮೊದಲಿಗಿಂತ ಕೆಳಗಿಳಿದರು. ಅಂಕ ಎಷ್ಟು ಅಂತ ಬರೆಯೋಕೆ ಹೇಳಿದಾಗ ಅವರಲ್ಲಿ ನೂರಕ್ಕೆ ಸುಮಾರು 40 ಮಕ್ಕಳು ಸುಳ್ಳು ಬರೆದರು. ಫೇಲ್ ಆದ್ದನ್ನ ಮನೇಲಿ ಹೇಳದೆ "ರಿಸಲ್ಟ್ ಇನ್ನೂ ಬಂದಿಲ್ಲ ಅಮ್ಮ" ಅನ್ನೋ 22 ವರ್ಷದವರ ಕಥೆ ಬೇರೆ ಏನಲ್ಲ. ಪಿಯುಸಿಯಲ್ಲಿ 97 ಪರ್ಸೆಂಟ್ ತೆಗೆದ "ನಮ್ಮನೆ ಬುದ್ಧಿವಂತ"ನಿಗೆ ಸೋಲಿನ ಜೊತೆ ಬಿರುದೂ ಹೋಗುತ್ತಲ್ಲ.

ಆದ್ರೆ ಗ್ರೋತ್ ಮೈಂಡ್‌ಸೆಟ್ ಹೆಸರಲ್ಲಿ ಸಾವಿರಾರು ರೂಪಾಯಿ ವರ್ಕ್‌ಶಾಪ್ ಮಾರೋರ ಬಗ್ಗೆ ಸ್ವಲ್ಪ ಹುಷಾರು. 2019ರಲ್ಲಿ "ನೇಚರ್" ಪತ್ರಿಕೆಯಲ್ಲಿ ಡೇವಿಡ್ ಯೇಗರ್ ತಂಡದ ದೊಡ್ಡ ಅಧ್ಯಯನ ಬಂತು. ಅಮೆರಿಕದ ಸುಮಾರು 12,000 ಒಂಬತ್ತನೇ ತರಗತಿ ವಿದ್ಯಾರ್ಥಿಗಳು, ಒಂದು ಗಂಟೆಗಿಂತ ಕಡಿಮೆ ಅವಧಿಯ ಆನ್‌ಲೈನ್ ಪಾಠ. ಹಿಂದುಳಿದ ಮಕ್ಕಳ ಗ್ರೇಡ್ ಸರಾಸರಿ 0.1 ಅಂಶದಷ್ಟು ಏರಿತು. ಅಲ್ಲಿ ಪೂರ್ತಿ ಸ್ಕೇಲ್ 4ರ ಆಸುಪಾಸು. ಅಷ್ಟು ಅಗ್ಗದ ಪಾಠಕ್ಕೆ ಅದು ಒಳ್ಳೆ ಫಲವೇ, ಪವಾಡ ಅಂತೂ ಅಲ್ಲ. ಇನ್ನೊಂದು ವಿಷಯ ಅಲ್ಲೇ ಇತ್ತು: ಕಷ್ಟದ ಕೆಲಸಕ್ಕೆ ಕೈಹಾಕೋದನ್ನ ಸಹಪಾಠಿಗಳು ಮೆಚ್ಚುವ ಶಾಲೆಗಳಲ್ಲಿ ಫಲ ಹೆಚ್ಚು ಉಳಿಯಿತು. ಅಂದ್ರೆ ಮೈಂಡ್‌ಸೆಟ್ ನಿಮ್ಮೊಬ್ಬರ ತಲೆಯೊಳಗಿನ ವಿಷಯ ಅಷ್ಟೇ ಅಲ್ಲ, ಪಕ್ಕದಲ್ಲಿ ಕೂತವರದ್ದೂ ಹೌದು. ಆರ್ಟಿಕಲ್‌ಶಿಪ್ ಆಫೀಸಲ್ಲಿ ಪರೀಕ್ಷೆಗೆ ಮುಂಚೆ ರಜೆ ಕೇಳಿದ್ರೆ ಮುಖ ಸಿಂಡರಿಸೋ ಕಡೆ ಇದ್ದು, ಪಾಸಾಗದಿದ್ರೆ "ನಿನ್ನ ಮೈಂಡ್‌ಸೆಟ್ ಸರಿ ಇಲ್ಲ" ಅನ್ನಿಸಿಕೊಳ್ಳೋದು ಅನ್ಯಾಯ. ಕಂಪನಿಗಳಲ್ಲೂ ಅಷ್ಟೇ. ಮೂರು ಜನರ ಕೆಲಸ ಒಬ್ಬರ ಮೇಲೆ ಹಾಕಿ "ಬಿ ಪಾಸಿಟಿವ್" ಪೋಸ್ಟರ್ ಅಂಟಿಸಿದ್ರೆ ಅದು ಗೋಡೆಗೆ ಅಲಂಕಾರ ಅಷ್ಟೇ.

ಸರಿ, ಕೈಯಲ್ಲಿ ಮಾಡೋದೇನು? ಓಟಿಂಗನ್ ಕೊಟ್ಟ ದಾರಿ ಸರಳ. ಆಸೆ ಬರೆದ ಕೂಡಲೇ ಅದರ ಪಕ್ಕದಲ್ಲೇ ನಿಮ್ಮೊಳಗಿನ ಅಡ್ಡಿ ಬರೀರಿ. ಆಮೇಲೆ ಪೀಟರ್ ಗೋಲ್‌ವಿಟ್ಜರ್ ಹೇಳಿದ "ಹೀಗಾದ್ರೆ ಹೀಗೆ" ವಾಕ್ಯ. "ಚೆನ್ನಾಗಿ ಓದ್ತೀನಿ" ಅಂದ್ರೆ ಏನೂ ಹೇಳಿದ ಹಾಗಾಗಲಿಲ್ಲ. "ಆಫೀಸಿಂದ ಬಂದ ಮೇಲೆ ಸುಸ್ತಾಗಿ ಫೋನ್ ಹಿಡಿದ್ರೆ, ಫೋನನ್ನ ಅಡುಗೆಮನೇಲಿ ಇಟ್ಟು ಒಂದೇ ಒಂದು ಲೆಕ್ಕ ಮಾಡ್ತೀನಿ." ಒಂದು ಲೆಕ್ಕ ಸಾಕು. ಕೂತ ಮೇಲೆ ಎರಡನೇದು ಬಹಳ ಸಲ ತಾನಾಗೇ ಬರುತ್ತೆ. ಇಂಟರ್‌ವ್ಯೂನಲ್ಲಿ ತಡವರಿಸೋರಿಗೂ ಇದೇ: "ಉತ್ತರ ಗೊತ್ತಿಲ್ಲದ ಪ್ರಶ್ನೆ ಬಂದ್ರೆ, ಗೊತ್ತಿಲ್ಲ ಅಂತ ಹೇಳಿ, ಹೇಗೆ ಹುಡುಕ್ತೀನಿ ಅಂತ ವಿವರಿಸ್ತೀನಿ."

ಅಡ್ಡಿ ಬರೆಯೋಕೆ ಕೂತಾಗ ಕೆಲವರಿಗೆ ಬೇರೆಯದೇ ಉತ್ತರ ಸಿಗುತ್ತೆ: ನನಗೆ ಈ ಕೆಲಸವೇ ಇಷ್ಟ ಇಲ್ಲ, ಅಪ್ಪನಿಗೆ ಬೋರ್ಡ್ ನೋಡೋ ಆಸೆ. ಅದೂ ಒಂದು ಉತ್ತರವೇ. ಬಿಟ್ಟು ಬೇರೆ ದಾರಿ ಹಿಡಿಯೋದನ್ನ ನೆಗೆಟಿವ್ ಅಂತ ನಾನು ಕರೆಯಲ್ಲ. ಆದ್ರೆ ಆ ನಿರ್ಧಾರ ರಿಸಲ್ಟ್ ಬಂದ ರಾತ್ರಿ ಮಾಡಬೇಡಿ. ಇನ್ನು ಎಷ್ಟು ಸಲ ಬರೀತೀನಿ, ಮನೆಯ ದುಡ್ಡು ಎಲ್ಲಿವರೆಗೆ ತಡೆಯುತ್ತೆ ಅಂತ ಮುಂಚೆಯೇ ಅಪ್ಪ ಅಮ್ಮನ ಜೊತೆ ಕೂತು ಒಂದು ತಾರೀಖು ಬರೆದಿಡಿ. ಮತ್ತೆ, ದಿನಗಟ್ಟಲೆ ನಿದ್ದೆ, ಊಟ ಬಿಟ್ಟುಹೋಗಿ ಬದುಕೇ ಬೇಡ ಅನ್ನಿಸ್ತಿದ್ರೆ ಈ ಎಪಿಸೋಡ್ ಅದಕ್ಕೆ ಔಷಧಿ ಅಲ್ಲ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, 14416. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ.

ಉತ್ತರ ಪತ್ರಿಕೆ ತರಿಸ್ಕೊಳ್ಳೋರಿಗೆ ಕೊನೇ ಮಾತು: ಅರ್ಜಿಗೆ ಗಡುವು ಇದೆ, ರಿಸಲ್ಟ್ ಬಂದ ಒಂದು ತಿಂಗಳೊಳಗೆ ಹಾಕಬೇಕು. ಬೇಜಾರಲ್ಲೇ ಮೂರು ವಾರ ಕಳೆದುಹೋಗುತ್ತೆ, ಇವತ್ತೇ ಕ್ಯಾಲೆಂಡರ್‌ನಲ್ಲಿ ಗುರುತು ಹಾಕ್ಕೊಳ್ಳಿ.