ಸದ್ದು ಮಾಡದ ಟ್ಯಾಪೆಟ್

ಬೈಕಿನ ಎಂಜಿನ್ ‘ಟಕ ಟಕ’ ಅಂದರೆ ಟ್ಯಾಪೆಟ್ ಬಿಗಿ ಮಾಡಿಸಿ ಅಂತಾರೆ. ಆದರೆ ರಾಕರ್‌ಗೂ ವಾಲ್ವಿನ ತುದಿಗೂ ನಡುವೆ ಕೂದಲೆಳೆಯಷ್ಟು ಸಂದು ಇರಲೇಬೇಕು. ಯಾಕೆ? 100 ಮಿ.ಮೀ. ಉದ್ದದ ಉಕ್ಕಿನ ಸರಳು 100 ಡಿಗ್ರಿ ಸೆಲ್ಸಿಯಸ್ ಹೆಚ್ಚು ಕಾದರೆ ಸುಮಾರು 0.12 ಮಿ.ಮೀ. ಹಿಗ್ಗುತ್ತದೆ, ಲೆಕ್ಕ ಹಾಕಿ ನೋಡಿ. ಸಂದು ಇಲ್ಲದಿದ್ದರೆ ಕಾದ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ಎಕ್ಸಾಸ್ಟ್ ವಾಲ್ವ್ ತನ್ನ ಬಿಸಿಯನ್ನು ಬಹುಪಾಲು ಬಿಟ್ಟುಕೊಡುವುದು ಸೀಟಿಗೆ ತಾಗಿದಾಗಲೇ. ತಾಗದಿದ್ದರೆ ಸುಟ್ಟುಹೋಗುತ್ತದೆ, ಅದೂ ಸದ್ದಿಲ್ಲದೆ! ನನ್ನ ಕೇಳಿದರೆ ಸ್ವಲ್ಪ ಟಕ ಟಕವೇ ವಾಸಿ.

ಅಳೆಯುವುದು ಮನೆಯಲ್ಲೇ ಆಗುತ್ತೆ, ದೊಡ್ಡವರು ಜೊತೆಗಿರಲಿ. ಎಂಜಿನ್ ಪೂರ್ತಿ ತಣ್ಣಗಿರಬೇಕು. ಕಂಪ್ರೆಶನ್ ಸ್ಟ್ರೋಕಿನ ಕೊನೆಗೆ ಪಿಸ್ಟನ್ ಮೇಲೆ ಬಂದಾಗ ಎರಡೂ ವಾಲ್ವ್ ಮುಚ್ಚಿರುತ್ತವೆ. ಆಗ ಬೈಕಿನ ಪುಸ್ತಕದಲ್ಲಿ ಹೇಳಿದಷ್ಟೇ ದಪ್ಪದ ಫೀಲರ್ ಗೇಜ್ ಪಟ್ಟಿಯನ್ನು ಸಂದಿಗೆ ತೂರಿಸಿ. ತುಸು ತಡೆದು ಜಾರಿದರೆ ಸರಿ.