ಮೀನುಗಾರಿಕಾ ದೋಣಿಯಲ್ಲಿ ಪ್ರಥಮ ಚಿಕಿತ್ಸಾ ಪೆಟ್ಟಿಗೆ: ಏಕೆ ಬೇಕು, ಹೇಗೆ ಬಳಸಬೇಕು?

ಪ್ರತಿವರ್ಷ ಜೂನ್ 1ರಿಂದ ಜುಲೈ 31ರ ತನಕ, 61 ದಿನಗಳ ಕಾಲ ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಈ ಅವಧಿಯಲ್ಲಿ ಬಂದರುಗಳಲ್ಲಿ ದೋಣಿಗಳಿಗೆ ಬಣ್ಣ ಬಳಿಯುವುದು, ಇಂಜಿನ್ ರಿಪೇರಿ ಮಾಡುವುದು, ಬಲೆ ಸರಿಪಡಿಸುವುದು ಮುಂತಾದ ಕೆಲಸಗಳು ನಡೆಯುತ್ತವೆ. ನಂತರ ಡೀಸೆಲ್, ಮಂಜುಗಡ್ಡೆ, ಅಕ್ಕಿ, ಕುಡಿಯುವ ನೀರು ಎಲ್ಲವನ್ನೂ ಲೆಕ್ಕ ಹಾಕಿ ತುಂಬಿಸುತ್ತೇವೆ. ಧರ್ಮಗುರುಗಳಿಂದ ದೋಣಿಗೆ ಆಶೀರ್ವಾದ ಮಾಡಿಸುತ್ತೇವೆ. ಕ್ಯಾಬಿನ್‌ನಲ್ಲಿ ಮಾತೆ ಮರಿಯಮ್ಮನವರ ಚಿತ್ರವನ್ನೂ ಜಪಮಾಲೆಯನ್ನೂ ತೂಗುಹಾಕುತ್ತೇವೆ. ಆದರೆ ಕೈ ಕೊಯ್ದುಕೊಂಡರೆ ಕಟ್ಟಲು ಶುದ್ಧವಾದ ಬಟ್ಟೆ ಎಲ್ಲಿದೆ ಎಂದು ಕೇಳಿದರೆ, ಹಳೆಯ ಲುಂಗಿಯ ತುಂಡನ್ನು ತೋರಿಸುವ ದೋಣಿಗಳು ಈಗಲೂ ಇವೆ.

ದಡದಲ್ಲಿ ಗಾಯವಾದರೆ 108ಕ್ಕೆ ಕರೆ ಮಾಡಿ ಆಂಬ್ಯುಲೆನ್ಸ್ ತರಿಸಬಹುದು. ಕಡಲಿನಲ್ಲಿ ಹಾಗಲ್ಲ. ಒಂದು ನಾಟಿಕಲ್ ಮೈಲು ಎಂದರೆ ಸುಮಾರು 1.85 ಕಿಲೋಮೀಟರ್. 40 ನಾಟಿಕಲ್ ಮೈಲು ದೂರದಲ್ಲಿರುವ ಬೋಟು ಗಂಟೆಗೆ 8 ಮೈಲಿನಂತೆ ಓಡಿದರೂ ದಡ ಸೇರಲು 5 ಗಂಟೆ ಬೇಕು. ಬಲೆ ನೀರಿನಲ್ಲಿದ್ದರೆ ಅದನ್ನು ಎಳೆಯುವ ಸಮಯ ಬೇರೆ. ಆದರೆ ದೊಡ್ಡ ರಕ್ತನಾಳ ತುಂಡಾದವನು ಕೆಲವೇ ನಿಮಿಷಗಳಲ್ಲಿ ಪ್ರಾಣ ಕಳೆದುಕೊಳ್ಳಬಹುದು. ಆ ಹೊತ್ತಿನಲ್ಲಿ ಅವನ ಜೀವ ಜೊತೆಯಲ್ಲಿರುವ ಕಲಾಸಿಗಳ ಕೈಯಲ್ಲಿರುತ್ತದೆ. ಆದುದರಿಂದ ಪೆಟ್ಟಿಗೆಯೂ ಬೇಕು, ಅದನ್ನು ಬಳಸಲು ಬಲ್ಲವರೂ ಬೇಕು.

ಪೆಟ್ಟಿಗೆಯಲ್ಲಿ ಏನೇನು ಇರಬೇಕು?

ಏಳೆಂಟು ಜನ ಹಲವು ದಿನಗಳ ಮಟ್ಟಿಗೆ ಹೋಗುವ ಬೋಟಿಗೆ ಈ ಕೆಳಗಿನವು ಬೇಕು:

1. ಶುದ್ಧೀಕರಿಸಿದ ಗಾಜ್ ಬಟ್ಟೆಯ ಪೊಟ್ಟಣಗಳು - 20
2. ಎರಡು ಮತ್ತು ನಾಲ್ಕು ಇಂಚಿನ ರೋಲರ್ ಬ್ಯಾಂಡೇಜ್ - 10
3. ಅಗಲವಾದ ಕ್ರೇಪ್ ಬ್ಯಾಂಡೇಜ್ - 3
4. ಕೈಯನ್ನು ಕುತ್ತಿಗೆಗೆ ತೂಗುಹಾಕಲು ತ್ರಿಕೋನ ಬಟ್ಟೆ - 2
5. ನೀರಿಗೆ ಬಿಡದ ಅಂಟುಪಟ್ಟಿ, ಕತ್ತರಿ, ಚಿಮಟ, ರಬ್ಬರ್ ಕೈಗವಸು
6. ಪೊವಿಡೋನ್ ಅಯೋಡಿನ್ ಮುಲಾಮು
7. ಒ.ಆರ್.ಎಸ್. ಪೊಟ್ಟಣಗಳು - 10
8. ನೋವು, ಜ್ವರ ಮತ್ತು ವಾಂತಿಗೆ ವೈದ್ಯರು ಬರೆದುಕೊಟ್ಟ ಮಾತ್ರೆಗಳು
9. ಶುಭ್ರವಾದ ಪ್ಲಾಸ್ಟಿಕ್ ಚೀಲಗಳು, ಟಾರ್ಚ್, ಪೆನ್ನು, ಸಣ್ಣ ಪುಸ್ತಕ

ತಗಡಿನ ಪೆಟ್ಟಿಗೆ ಉಪ್ಪುಗಾಳಿಗೆ ತುಕ್ಕು ಹಿಡಿಯುತ್ತದೆ. ಬಿಗಿಯಾದ ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬ ಒಳ್ಳೆಯದು. ಇಂಜಿನ್ ಕೋಣೆಯ ಬಿಸಿಗೆ ಔಷಧ ಕೆಡುವುದರಿಂದ ಅದನ್ನು ಕ್ಯಾಬಿನ್‌ನಲ್ಲಿ, ಎಲ್ಲರಿಗೂ ಕಾಣುವ ಕಡೆ ಇಡಬೇಕು. ಬೀಗ ಹಾಕಬಾರದು. ನಾಡದೋಣಿಯವರು ಅಗಲ ಬಾಯಿಯ ಪ್ಲಾಸ್ಟಿಕ್ ಭರಣಿಯಲ್ಲಿ ಗಾಜ್, ಬ್ಯಾಂಡೇಜ್, ಅಂಟುಪಟ್ಟಿ, ಕತ್ತರಿ ಹಾಕಿ ದೋಣಿಗೆ ಕಟ್ಟಿಕೊಂಡರೂ ಸಾಕು. ರಕ್ತದೊತ್ತಡ, ಸಕ್ಕರೆ ಕಾಯಿಲೆ ಇರುವವರು ತಮ್ಮ ಮಾತ್ರೆಗಳನ್ನು ಎರಡು ದಿನ ಹೆಚ್ಚಿಗೆ ಲೆಕ್ಕ ಹಾಕಿಯೇ ಒಯ್ಯಬೇಕು.

ರಕ್ತಸ್ರಾವ ಮತ್ತು ತುಂಡಾದ ಬೆರಳು

ವಿಂಚಿಗೆ, ರೋಪಿಗೆ ಕೈ ಸಿಕ್ಕಿ ಆಗುವ ಗಾಯ ಬೋಟಿನಲ್ಲಿ ತೀರಾ ಅಪಾಯಕಾರಿ. ಗಾಯದ ಮೇಲೆ ಗಾಜ್ ಇಟ್ಟು ಅಂಗೈಯಿಂದ ಬಲವಾಗಿ ಹತ್ತು ನಿಮಿಷ ಒತ್ತಿ ಹಿಡಿಯಬೇಕು. ರಕ್ತ ನಿಂತಿತೇ ಎಂದು ನಡುನಡುವೆ ತೆಗೆದು ನೋಡಬಾರದು. ಬಟ್ಟೆ ಒದ್ದೆಯಾದರೆ ಅದರ ಮೇಲೆಯೇ ಇನ್ನೊಂದನ್ನು ಇಟ್ಟು ಒತ್ತಬೇಕು. ಕಾಫಿ ಪುಡಿ, ಸುಣ್ಣ, ಡೀಸೆಲ್ ಹಾಕುವ ಅಭ್ಯಾಸವನ್ನು ಬಿಡಬೇಕು. ಇವುಗಳಿಂದ ಗಾಯ ಕೀವು ಹಿಡಿಯುತ್ತದೆ.

ಕೈ ಅಥವಾ ಕಾಲಿನ ಗಾಯದಿಂದ ರಕ್ತ ಚಿಮ್ಮುತ್ತಿದ್ದು, ಎಷ್ಟು ಒತ್ತಿದರೂ ನಿಲ್ಲದೆ ಇದ್ದಾಗ ಮಾತ್ರ, ಗಾಯಕ್ಕಿಂತ ಮೇಲೆ ಎರಡು ಇಂಚು ಅಗಲದ ಪಟ್ಟಿಯನ್ನು ಕಟ್ಟಿ, ಕೋಲು ಸಿಕ್ಕಿಸಿ ರಕ್ತ ನಿಲ್ಲುವ ತನಕ ತಿರುಚಬೇಕು. ಇದಕ್ಕೆ ತೆಳ್ಳಗಿನ ಹಗ್ಗ ಸಲ್ಲದು. ಕಟ್ಟಿದ ಸಮಯವನ್ನು ಬರೆದಿಡಬೇಕು. ವೈದ್ಯರ ಕೈಗೆ ಒಪ್ಪಿಸುವ ತನಕ ಸಡಿಲಿಸಬಾರದು.

ಬೆರಳು ತುಂಡಾದರೆ ಅದನ್ನು ಬಿಸಾಡಬೇಡಿ. ಒದ್ದೆ ಮಾಡಿ ಹಿಂಡಿದ ಶುಭ್ರ ಗಾಜಿನಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆಯ ಮೇಲೆ ಇಡಬೇಕು. ಬೆರಳಿಗೆ ಮಂಜುಗಡ್ಡೆ ನೇರವಾಗಿ ತಾಗಿದರೆ ಮಾಂಸ ಸಾಯುತ್ತದೆ, ಮತ್ತೆ ಜೋಡಿಸಲು ಆಗದು. ಮೀನಿಗಾಗಿ ಒಯ್ದ ಮಂಜುಗಡ್ಡೆ ಒಬ್ಬ ಕಾರ್ಮಿಕನ ಬೆರಳನ್ನೂ ಉಳಿಸಬಹುದು.

ಮೀನಿನ ಮುಳ್ಳು, ಕಡಲ ಹಾವು, ಲೋಳೆ ಮೀನು

ತೇಡೆ ಮೀನಿನ ಮುಳ್ಳು, ತೊರಕೆಯ ಬಾಲದ ಮುಳ್ಳು ಚುಚ್ಚಿದಾಗಿನ ಉರಿ ಅನುಭವಿಸಿದವರಿಗೇ ಗೊತ್ತು. ಇವುಗಳ ವಿಷ ಬಿಸಿಗೆ ಶಕ್ತಿ ಕಳೆದುಕೊಳ್ಳುತ್ತದೆ. ಆದುದರಿಂದ ಚುಚ್ಚಿದ ಕೈ ಅಥವಾ ಕಾಲನ್ನು ತಡೆಯಬಹುದಾದಷ್ಟು ಬಿಸಿ ನೀರಿನಲ್ಲಿ, ಎಂದರೆ ಸುಮಾರು 45 ಡಿಗ್ರಿಯಷ್ಟು ಬಿಸಿಯಲ್ಲಿ, ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಮುಳುಗಿಸಿಡಬೇಕು. ಗಾಯವಿಲ್ಲದ ಕೈಯಿಂದ ಬಿಸಿಯನ್ನು ಮೊದಲು ಪರೀಕ್ಷಿಸಬೇಕು. ನೋವಿನಲ್ಲಿರುವವನಿಗೆ ಸುಡುವುದು ತಿಳಿಯದೆ ಹೋಗಬಹುದು. ಮುಳ್ಳು ಎದೆಗೆ, ಹೊಟ್ಟೆಗೆ ಅಥವಾ ಕುತ್ತಿಗೆಗೆ ನೆಟ್ಟಿದ್ದರೆ ಕೀಳಬಾರದು. ಅಲುಗಾಡದಂತೆ ಕಟ್ಟಿ ದಡಕ್ಕೆ ತರಬೇಕು.

ಬಲೆಯಲ್ಲಿ ಬರುವ ಕಡಲ ಹಾವನ್ನು ಹುಟ್ಟಿನಂತೆ ಚಪ್ಪಟೆಯಾದ ಬಾಲದಿಂದ ಗುರುತಿಸಬಹುದು. ಅದು ಕಚ್ಚಿದಾಗ ಹೆಚ್ಚು ನೋವಾಗದು, ಇದೇ ಮೋಸ. ಕೆಲವು ಗಂಟೆಗಳಲ್ಲಿ ಮೈಕೈ ನೋವು, ಕಣ್ಣರೆಪ್ಪೆ ಜೋಲುವುದು, ಮೂತ್ರ ಕಪ್ಪಾಗುವುದು, ಉಸಿರಾಟದ ತೊಂದರೆ ಕಾಣಿಸಬಹುದು. ಕೊಯ್ಯುವುದು, ಚೀಪುವುದು ಬೇಡ. ಕಚ್ಚಿದ ಕೈಗೆ ಅಥವಾ ಕಾಲಿಗೆ ಕ್ರೇಪ್ ಬ್ಯಾಂಡೇಜನ್ನು ಬೆರಳ ತುದಿಯಿಂದ ಮೇಲಕ್ಕೆ ಸುತ್ತಿ, ಹಲಗೆ ಕಟ್ಟಿ, ಅವನನ್ನು ನಡೆಯಲು ಬಿಡದೆ ಮಲಗಿಸಬೇಕು. ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಸಿಗುವ ಹಾವಿನ ವಿಷದ ಮದ್ದು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸ ಮಂಡಲ ಹಾವುಗಳಿಗೆ ತಯಾರಿಸಿದ್ದು, ಕಡಲ ಹಾವಿಗಲ್ಲ. ಆದುದರಿಂದ ಕೃತಕ ಉಸಿರಾಟದ ಯಂತ್ರವಿರುವ ದೊಡ್ಡ ಆಸ್ಪತ್ರೆಗೇ ನೇರವಾಗಿ ಒಯ್ಯಬೇಕು. ಕಡಲ ಹಾವು ಎಂಬುದನ್ನು ವೈದ್ಯರಿಗೆ ಮರೆಯದೆ ತಿಳಿಸಬೇಕು.

ಲೋಳೆ ಮೀನು ತಾಗಿದರೆ ಮರಳಿನಿಂದ ಉಜ್ಜಬಾರದು, ಸಿಹಿನೀರು ಹಾಕಬಾರದು. ಸಮುದ್ರದ ನೀರಿನಿಂದಲೇ ತೊಳೆದು, ಅಂಟಿಕೊಂಡ ಎಳೆಗಳನ್ನು ಚಿಮಟದಿಂದ ತೆಗೆಯಬೇಕು.

ನೀರಿಗೆ ಬಿದ್ದವರನ್ನು ಮೇಲೆತ್ತಿದಾಗ

ತಲೆಕೆಳಗಾಗಿ ಹಿಡಿಯುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು ತಪ್ಪು. ಇದರಿಂದ ಅಮೂಲ್ಯ ಸಮಯ ಹಾಳಾಗುತ್ತದೆ. ಉಸಿರಾಟ ಇಲ್ಲದಿದ್ದರೆ ಮಲಗಿಸಿ, ಗಲ್ಲ ಮೇಲೆತ್ತಿ, ಮೂಗು ಮುಚ್ಚಿ ಮೊದಲು ಬಾಯಿಗೆ ಬಾಯಿಟ್ಟು ಉಸಿರು ಕೊಡಬೇಕು. ನಂತರ ಎದೆಯ ನಡುವೆ 30 ಬಾರಿ ಬಲವಾಗಿ ಒತ್ತುವುದು, 2 ಬಾರಿ ಉಸಿರು ಕೊಡುವುದು, ಹೀಗೆ ಮುಂದುವರಿಸಬೇಕು. ಉಸಿರು ಮರಳಿದವರನ್ನು ಒಂದು ಮಗ್ಗುಲಿಗೆ ಮಲಗಿಸಿ, ಒದ್ದೆ ಬಟ್ಟೆ ತೆಗೆದು ಬೆಚ್ಚಗೆ ಹೊದಿಸಬೇಕು. ಚೇತರಿಸಿಕೊಂಡಂತೆ ಕಂಡರೂ ಆಸ್ಪತ್ರೆಗೆ ತೋರಿಸಲೇಬೇಕು.

ಸಹಾಯ ಕೇಳುವುದು

ಗಾಯಾಳುವಿಗೆ ಒಬ್ಬರು ಉಪಚರಿಸುತ್ತಿರುವಾಗಲೇ ತಾಂಡೇಲರು ವಿ.ಎಚ್.ಎಫ್. ರೇಡಿಯೋದ 16ನೇ ಚಾನೆಲ್‌ನಲ್ಲಿ ಸಹಾಯ ಕೇಳಬೇಕು. ಫೋನ್ ಸಿಗುವ ಕಡೆ ಕೋಸ್ಟ್ ಗಾರ್ಡ್‌ನ 1554, ಕರಾವಳಿ ಕಾವಲು ಪೊಲೀಸರ 1093 ಸಂಖ್ಯೆಗಳಿಗೆ ಕರೆ ಮಾಡಬಹುದು. ದೋಣಿಯ ಹೆಸರು, ಜಿ.ಪಿ.ಎಸ್. ತೋರಿಸುವ ಸ್ಥಳ, ಗಾಯ ಏನು, ಯಾವಾಗ ಆಯಿತು ಎಂಬ ನಾಲ್ಕು ವಿಷಯಗಳನ್ನು ಮೊದಲು ಹೇಳಬೇಕು. ಈ ಸಂಖ್ಯೆಗಳನ್ನು ಡಬ್ಬದ ಮುಚ್ಚಳದ ಮೇಲೆಯೇ ಬರೆದಿಡಿ.

ಧರ್ಮಕೇಂದ್ರಗಳು ಏನು ಮಾಡಬಹುದು?

ಗಾಯಾಳುವಿನ ನೆರವಿಗೆ ಬಂದ ಸಮಾರ್ಯದವನ ಸಾಮತಿಯನ್ನು ನಾವೆಲ್ಲ ಕೇಳಿದ್ದೇವೆ. ಅವನಲ್ಲಿ ಕರುಣೆ ಇತ್ತು ನಿಜ. ಜೊತೆಗೆ, ಗಾಯಕ್ಕೆ ಸುರಿಯಲು ಎಣ್ಣೆ ಮತ್ತು ದ್ರಾಕ್ಷಾರಸವೂ ಅವನ ಬಳಿ ಇತ್ತು. ಪ್ರಯಾಣ ಹೊರಡುವಾಗಲೇ ಅವನು ಅವನ್ನು ಜೊತೆಯಲ್ಲಿ ಒಯ್ದಿದ್ದರಿಂದ ಆ ಕರುಣೆ ಕೆಲಸಕ್ಕೆ ಬಂತು. ಗಾಯ ಕಟ್ಟಿದ ನಂತರ ಅವನು ಅಲ್ಲಿಗೇ ಬಿಡದೆ ಛತ್ರಕ್ಕೆ ಕರೆದೊಯ್ದ. ಪ್ರಥಮ ಚಿಕಿತ್ಸೆ ಎಂದರೆ ಇಷ್ಟೇ: ಇದ್ದಲ್ಲಿ ಆಗುವುದನ್ನು ಮಾಡಿ, ಮುಂದಿನ ಆರೈಕೆಗೆ ತಲುಪಿಸುವುದು.

ನಿಷೇಧದ ಎರಡು ತಿಂಗಳು ಮೀನುಗಾರರು ಮನೆಯಲ್ಲಿರುತ್ತಾರೆ. ಜುಲೈ ತಿಂಗಳ ಎರಡನೆಯ ಭಾನುವಾರವನ್ನು ಧರ್ಮಸಭೆಯು ಸಮುದ್ರ ಭಾನುವಾರವಾಗಿ ಆಚರಿಸುತ್ತದೆ. ಅಂದು ಬಲಿಪೂಜೆಯ ನಂತರ ಚರ್ಚ್ ಸಭಾಂಗಣದಲ್ಲಿ ಎರಡು ಗಂಟೆಯ ತರಬೇತಿ ಇಡಬಹುದು. ನಮ್ಮ ಧರ್ಮಕೇಂದ್ರಗಳಲ್ಲಿ ದಾದಿಯರಿಗೆ, ವೈದ್ಯಕೀಯ ಸೇವೆಯಲ್ಲಿರುವ ಧರ್ಮಭಗಿನಿಯರಿಗೆ ಕೊರತೆಯಿಲ್ಲ. ವಾಳೆಯ ಗುರಿಕಾರರು ತಮ್ಮ ವಾಳೆಯಲ್ಲಿ ಕಡಲಿಗೆ ಹೋಗುವವರ ಪಟ್ಟಿ ಮಾಡಿ, ಪ್ರತಿ ದೋಣಿಯಿಂದ ಕನಿಷ್ಠ ಇಬ್ಬರು ಬರುವಂತೆ ನೋಡಿಕೊಳ್ಳಲಿ. ಒಬ್ಬನೇ ಕಲಿತಿದ್ದು, ಅವನೇ ಗಾಯಗೊಂಡರೆ ಏನು ಮಾಡುವುದು?

ಮಂಗಳೂರು, ಮಲ್ಪೆಯ ಬೋಟುಗಳಲ್ಲಿ ತಮಿಳುನಾಡು, ಆಂಧ್ರ, ಒಡಿಶಾ ಕಡೆಯ ಕಾರ್ಮಿಕರೂ ದುಡಿಯುತ್ತಾರೆ. ಅವರಿಗೆ ಕನ್ನಡ ಓದಲು ಬಾರದು. ಆದುದರಿಂದ ಸೂಚನೆಗಳನ್ನು ಚಿತ್ರಗಳಲ್ಲಿ ಬರೆಸಿ ಅಂಟಿಸುವುದು ಉತ್ತಮ. ಅವರು ಯಾವ ಧರ್ಮದವರೇ ಆಗಿರಲಿ, ತರಬೇತಿಗೆ ಕರೆಯೋಣ. ಕಡಲಿನಲ್ಲಿ ನಮ್ಮ ಮಗನ ಗಾಯವನ್ನು ಕಟ್ಟುವವರು ಅವರೇ ಆಗಿರಬಹುದು.

ಮುಂದಿನ ಬಾರಿ ದೋಣಿಯ ಆಶೀರ್ವಾದಕ್ಕೆ ಧರ್ಮಗುರುಗಳನ್ನು ಕರೆಯುವಾಗ, ತುಂಬಿಸಿಟ್ಟ ಈ ಪೆಟ್ಟಿಗೆಯೂ ಮಾತೆಯ ಚಿತ್ರದ ಕೆಳಗೆ ಇರಲಿ. ಅದನ್ನು ತೆರೆಯುವ ಸಂದರ್ಭ ಎಂದಿಗೂ ಬಾರದಿರಲಿ ಎಂದು ಪ್ರಾರ್ಥಿಸೋಣ. ಬಂದರೆ ಅದು ಖಾಲಿಯಾಗಿ ಇರದಂತೆ ನೋಡಿಕೊಳ್ಳುವುದು ನಮ್ಮ ಕೆಲಸ.